ಕಲಾಯಿ ಕಾಕಾ ಬೇಡಿದ ಶೇಂಗಾ ಸಿಪ್ಪಿ

ಪಾಸಾತ್ರಿ! ನಮ್ಮ ಶೈಲಾನ ನೀರು ಪಾಸಾತು!

ಇದನ್ನ ಮೊದಲ ಹೇಳಿಬಿಡತೇನಿ, ಉಳಿದದ್ದು ಆಮ್ಯಾಲೆ. ಮಧ್ಯಾಹ್ನ ಫೋನ್ ಬಂತು. ಸೊಸಿ ರೊಟ್ಟಿ ಬಡಿಯೂದು ಬಿಟ್ಟು ಹಿಟ್ಟಿನ ಕೈಲೇ ಹಿಡದಳು, ಕೇಳಿದಳು, "ಅತ್ತೀ..." ಅಂದವಳನ ಅತ್ತುಬಿಟ್ಟಳು. "ಏನಾತ ಹೇಳ ತಾಯಿ, ಅಳತಿಯಲ್ಲಾ" ಅಂದೆ. "ಪಾಸಾತಂತ್ರಿ, ನೀರು ಪಾಸಾತಂತ" ಅಂತ ಅಳಕೋತನ ನಕ್ಕಳು. ನಾ ಕುಂತಲ್ಲೇ ದೇವರ ಕಡೆ ತಿರುಗಿ ಕೈ ಮುಗದೆ. ಆಮ್ಯಾಲೆ ಚಪ್ಪಲ ಸೈತ ಮೆಟ್ಟದ ಓಣಿಗೆ ಹೋಗಿ ಕಂಡಕಂಡವರಿಗೆಲ್ಲ ಹೇಳಿದೆ. "ಮೊಮ್ಮಗಳು ಯಾವ ಪರೀಕ್ಷಾದಾಗ ಪಾಸಾದ್ಲವ್ವಾ?" ಅಂತ ಕೇಳಿದರು. "ಆಕಿ ಅಲ್ಲೋ, ನೀರು ಪಾಸಾಗೈತಿ" ಅಂದೆ. ಮುದಿಕಿಗೆ ಬಿಸಲು ಏರೈತಿ ಅಂತ ನಕ್ಕರು. ನಗಲಿ ಬಿಡ್ರಿ. ಇವತ್ತು ಯಾರು ನಕ್ಕರೂ ನನಗ ಹೋಳಿಗಿ ತಿಂದಂಗನ ಐತಿ.

ಶೈಲಾ ಅಂದ್ರ ನನ್ನ ಮಗನ ಮಗಳು. ಬೆಳಗಾವಿಯಾಗ ದೊಡ್ಡ ಸಾಲಿ ಕಲಿಯಾಕ ಹತ್ಯಾಳ, ನೀರಿನೊಳಗಿನ ವಿಷ ತಗಿಯೂ ವಿದ್ಯೆ. ಬೈಲಹೊಂಗಲದಾಗ ಒಂದು ಗಿಲೀಟಿನ ಅಂಗಡಿ ಐತಿ. ಹಳೇ ಬಳಿ, ಸರ, ದೇವರ ಸಾಮಾನಿಗೆ ಹೊಳಪು ಏರಿಸಿ ಕೊಡತಾರ. ಅಲ್ಲಿ ಸಾಮಾನು ತೊಳದ ನೀರು ಹಿಂದಿನ ಗಟಾರಕ್ಕ ಬಿದ್ದು, ಗಟಾರದಿಂದ ಬಾಜೂ ಮನಿ ಹೆಣ್ಣಮಗಳ ಕಾಯಿಪಲ್ಯೆದ ಮಡಿಗೆ ಹೋಗತಿತ್ತು. ನಮ್ಮ ಹುಡುಗಿ ಅಂಗಡಿಯವರ ಕಾಲಿಗೆ ಬಿದ್ದಾಳೋ ಏನ ಜಗಳಾ ಮಾಡ್ಯಾಳೋ, ಗಟಾರದ ಬಾಯಿಗೆ ಒಂದು ಪ್ಲಾಸ್ಟಿಕ್ ಡ್ರಮ್ ಇಟ್ಟು ಬಂದ್ಲು. ಡ್ರಮ್ಮಿನ ತುಂಬ ಏನು ತುಂಬ್ಯಾಳ ಅಂತೀರಿ? ಶೇಂಗಾ ಸಿಪ್ಪಿ! ನಾವು ಕಾಳು ತಿಂದು ಬಚ್ಚಲ ಒಲಿಗೆ ಒಗಿಯೂ ಸಿಪ್ಪಿ. ಅಂಗಡಿ ನೀರು ಆ ಸಿಪ್ಪಿಯೊಳಗ ಇಳದು, ಸೋಸಿ ಹೊರಗ ಬರಬೇಕು.

ಮೊದಲನೇ ಸಲ ಪರೀಕ್ಷಾಕ್ಕ ಕಳಿಸಿದಾಗ ನೀರು ಫೇಲಾಗಿತ್ತು. ಅವತ್ತು ಆಕಿ ಮನಿಗೆ ಬಂದು ಊಟ ಬಿಟ್ಟು ಗೋಡಿಗೆ ಮಾರಿ ಮಾಡಿ ಮಲಗಿದ್ಲು. "ಆಯೀ, ಇನ್ನೊಂದ ಸಲ ಫೇಲಾದ್ರ ಡ್ರಮ್ ಎತ್ತಿಕೊಂಡ ಹೋಗು ಅಂದಾರ ಅಂಗಡಿಯವರು. ಆ ಬಾಜೂ ಮನಿ ಹೆಣ್ಣಮಗಳು ಇನ್ನೂ ಅದ ನೀರಿಲೆ ಪಾಲಕ ಬೆಳಸ್ತಾಳ, ತನ್ನ ಮಕ್ಕಳಿಗೂ ಅದನ್ನ ತಿನಸ್ತಾಳ" ಅಂದಳು. ಆಕಿ ನನಗ ಆಯಿ ಅಂತಾಳ. ಆಯಿ ಏನ ಹೇಳಬೇಕು? ಕಲತದ್ದು ಮೂರನೇ ಇಯತ್ತೆ. ತಲಿ ಸವರಿದೆ ಅಷ್ಟ.

ಆಮ್ಯಾಲೆ ಆಕಿ ಸುಟಿಗೆ ಬಂದಾಗ ನನ್ನ ಅಡಗಿಮನಿಯನ್ನ ಹಿಡಕೊಂಡು ಕುಂತಳು. ಸಿಪ್ಪಿ ತೊಳದಳು, ಒಣಗಿಸಿದಳು, ಒಳ್ಳಾಗ ಕುಟ್ಟಿ ನುಚ್ಚು ಮಾಡಿದಳು, ಲಿಂಬಿಹುಳಿ ನೀರಿನ್ಯಾಗ ನೆನಿ ಇಟ್ಟು, ಮತ್ತ ಒಣಗಿಸಿ, ಸಣ್ಣ ಉರಿಯ ಹಂಚಿನ ಮ್ಯಾಲೆ ಬೆಚ್ಚಗ ಮಾಡಿದಳು. "ಉಪ್ಪಿನಕಾಯಿ ಹಾಕಾಕ ಹತ್ತಿಯೇನ ಸಿಪ್ಪೀದ?" ಅಂತ ನಾನ ಚಾಷ್ಟಿ ಮಾಡಿದೆ. "ಹೂಂ ಆಯೀ, ಹುಳಿ ಹಿಡದ್ರ ಸಿಪ್ಪಿಗೆ ಹಸಿವಿ ಹೆಚ್ಚಾಗತೈತಿ" ಅಂದಳು. ಏನೇನೋ ಹೇಳತಾಳ. ಭಾರ ಲೋಹ ಅಂತಾಳ. ಲೋಹ ಅಂದ ಮ್ಯಾಲೆ ಭಾರನ ಇರತೈತಿ, ಅದರಾಗೇನು ಹೊಸಾದು? ನನಗ ತಿಳೀಲಿಲ್ಲಂತ ಮಾರಿ ನೋಡಿ ಆಕಿನ ಸರಳ ಮಾಡಿ ಹೇಳಿದಳು. "ಆಯೀ, ಹಿತ್ತಾಳಿ ಭಾಂಡ್ಯಾಗ ಮಜ್ಜಿಗಿ ಇಟ್ರ ಕಿಲುಬು ಬರತೈತಿ ನೋಡು, ಹಂಗ ಇದು. ಆದ್ರ ಇದು ಕಣ್ಣಿಗೆ ಕಾಣೂದಿಲ್ಲ. ಕುದಿಸಿದ್ರೂ ಹೋಗೂದಿಲ್ಲ. ಮೈಯಾಗ ಹೊಕ್ಕಿದ್ರ ಲಗೂನ ಹೊರಗ ಬರೂದಿಲ್ಲ."

ಕಿಲುಬು ಅಂದ ಕೂಡ್ಲೆ ನನಗ ತಿಳೀತು. ಕಿಲುಬಿನ ಸಂಗಾಟ ನಾವು ಬಾಳೆ ಮಾಡಿದವರು.

ಇವತ್ತು ನಾಕರ ಬಸ್ಸಿಗೆ ಆಕಿ ಬಂದಳು. ಕೈಯಾಗ ಪಾಸಾದ ನೀರಿನ ಬಾಟ್ಲಿ, ಬಗಲಾಗ ಒಂದು ಗಟ್ಟಿ ಪ್ಲಾಸ್ಟಿಕ್ ಚೀಲ. ಚೀಲದಾಗ ಡ್ರಮ್ಮಿನ್ಯಾಗಿಂದ ತಗದ ಸಿಪ್ಪಿ, ನೀರು ಕುಡದು ಕುಡದು ಸುಸ್ತಾದ ಸಿಪ್ಪಿ. ನನಗ ತೋರಸಬೇಕಂತ ಅಂಗಳದಾಗ ಕುಂತು ಅದರ ಬಾಯಿ ಬಿಚ್ಚಿದಳು. ಬಿಚ್ಚಿದ್ದ ತಡ, ಘಂ ಅಂತ ಒಂದು ವಾಸನಿ... ತೊಯ್ದ ಸಿಪ್ಪೀದು, ಹುಳೀದು, ಅದರ ಹಿಂದ ಸಣ್ಣಗ, ನಾಲಿಗಿ ಮ್ಯಾಲೆ ತಾಮ್ರದ ದುಡ್ಡು ಇಟ್ಟಂಗ ಒಂದು ರುಚಿಯಂಥಾ ವಾಸನಿ.

ನಾ ಕಣ್ಣು ಮುಚ್ಚಿದೆ. ಅಂಗಳ ಸರದು ಹೋತು. ಮುಂದ ಬೇವಿನ ಗಿಡ ನಿಂತಿತ್ತು, ಅದರ ತೆಳಗ ಹೊಗಿ, ಹೊಗಿಯೊಳಗ ಅವ ಕುಂತಿದ್ದ. ಕಲಾಯಿ ಕಾಕಾ...

ಅವನ ಹೆಸರು ನನಗ ಗೊತ್ತಿಲ್ಲರಿ. ಯಾರೂ ಕೇಳಿರಲಿಲ್ಲ. ಹಿತ್ತಾಳಿ ತಾಮ್ರದ ಭಾಂಡಿಗೆ ಒಳಗ ಕಲಾಯಿ ಹಚ್ಚತಿದ್ದ, ಅದಕ್ಕ ಕಲಾಯಿ ಕಾಕಾ. ಅವನಕಿಂತ ಹಿರೇರೂ ಅವಗ ಕಾಕಾನ ಅಂತಿದ್ದರು. ನಾ ಕಟಕೋಳದ ಹತ್ತಿರದ ಈ ಊರಿಗೆ ಸೊಸಿಯಾಗಿ ಬಂದ ಹೊಸದು. ಶೇಂಗಾ ಕಿತ್ತು, ಬಡದು, ಮನಿಮನಿಯಾಗ ಸಿಪ್ಪಿಯ ಗುಡ್ಡಿ ಬಿದ್ದಿರತಿದ್ದ ದಿನದಾಗ ಅವ ಬರತಿದ್ದ. ಸೈಕಲ್ಲಿನ ಒಂದು ಕಡೆ ಬೆಂಕಿಗೆ ಗಾಳಿ ಊದೂ ತಿದಿ, ಇನ್ನೊಂದು ಕಡೆ ಇದ್ದಲಿ ಚೀಲ. ದೂರದಿಂದ "ಕಲಾಯೀ... ಭಾಂಡಿ ಕಲಾಯೀ..." ಅನ್ನೂ ದನಿ. ದನಿಯೇನು ದೊಡ್ಡದಿರಲಿಲ್ಲ. ತೂಗಿಕೋತ ಬಂದು ಕಿವಿಯಾಗ ಕುಂದರತಿತ್ತು.

ಬಂದವನ ಮೊದಲ ಭಾಂಡಿ ಕೇಳತಿರಲಿಲ್ಲ. "ಅಕ್ಕಾರ, ಒಂದು ಬುಟ್ಟಿ ಶೇಂಗಾ ಸಿಪ್ಪಿ ಕೊಡ್ರಿ" ಅಂತಿದ್ದ. ಅದು ಸಿಗೂಮಟಾ ತಿದಿ ಬಿಚ್ಚತಿರಲಿಲ್ಲ. ನಮ್ಮ ಅತ್ತಿ ಬಾಯಿ ಬಿರುಸು. "ಊರಿಗೊಬ್ಬ ಕಲಾಯಿಯವ, ಇವಗ ಕೂಲಿಗಿಂತ ಮೊದಲ ಸಿಪ್ಪಿ ಬೇಕು. ನಾ ಬಚ್ಚಲ ಒಲಿಗೆ ಏನ ಹಾಕ್ಲಿ, ನಿನ್ನ ಟೊಪಿಗಿ ಹಾಕ್ಲೇನು?" ಅಂತಿದ್ದರು. ಅವ ತಲಿ ಮ್ಯಾಲಿನ ಟೊಪಿಗಿ ತಗದು ಖರೇವಂದ್ರನೂ ಮುಂದ ಹಿಡೀತಿದ್ದ. ಅತ್ತಿ ನಗು ತಡಕೊಳ್ಳಾರದ ಸೆರಗು ಬಾಯಿಗೆ ಒತ್ತಿ ಒಳಗ ಹೋಗತಿದ್ದರು. ಬುಟ್ಟಿ ಹೊತ್ತು ತರೂದು ನನ್ನ ಕೆಲಸ.

ಗಿಡದ ತೆಳಗ ಅವ ಎರಡು ಕುಣಿ ತಗೀತಿದ್ದ. ಒಂದರಾಗ ಬೆಂಕಿ. ಇನ್ನೊಂದರ ಮ್ಯಾಲೆ ಎರಡು ಕಲ್ಲು ಇಟ್ಟು, ತಳಕ್ಕ ಮೊಳಿ ಹೊಡದು ತೂತು ಮಾಡಿದ ಹಳೇ ಎಣ್ಣಿ ಡಬ್ಬಿ ಇಡತಿದ್ದ. ನಾ ಕೊಟ್ಟ ಸಿಪ್ಪಿ ಎಲ್ಲಾ ಆ ಡಬ್ಬಿಗೆ. ಆಮ್ಯಾಲೆ ದೊಡ್ಡ ಭಾಂಡಿಯೊಳಗ ಹುಣಚಿಹುಳಿ, ಉಪ್ಪು, ಮರಳು ಹಾಕಿ, ತಾನ ಅದರೊಳಗ ನಿಂತು, ಬೇವಿನ ಟೊಂಗಿ ಹಿಡಕೊಂಡು ಕಾಲಿಲೆ ತಿರುಗತಿದ್ದ. ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು... ಲಂಗೋಟಿಯ ಮುದುಕ ಒಬ್ಬಾವನ ಕುಣೀತಿದ್ದಂಗ. ಸುಣ್ಣದ ಗೋಡಿ ಮ್ಯಾಲೆ ಅವನ ನೆಳ್ಳು ಸೈತ ತಿರುಗತಿತ್ತು. ನಾ ಕಂಬಕ್ಕ ಆತು ನಿಂತು ನೋಡತಿದ್ದೆ. ನೋಡತ ನೋಡತ ನಿದ್ದಿ ಬಂದಂಗ ಆಗತಿತ್ತು.

ಭಾಂಡಿ ತೊಳದ ನೀರು ಹಸರು. ಗಿಳಿ ರೆಕ್ಕಿ ಹಸರು. ಬ್ಯಾರೆ ಕಲಾಯಿಯವರು ಅದನ್ನ ನಿಂತಲ್ಲೇ ಚೆಲ್ಲತಿದ್ದರು. ಕಾಕಾ ಒಂದು ಹನಿ ಸೈತ ನೆಲಕ್ಕ ಬಿಡತಿರಲಿಲ್ಲ, ತಂಬಗಿಲೆ ಮೊಗದು ಮೊಗದು ಆ ಸಿಪ್ಪಿ ಮ್ಯಾಲೆ ಹಾಕತಿದ್ದ. ಹಸುಗೂಸಿಗೆ ಹಾಲು ಕುಡಿಸಿದಂಗ ನಿಧಾನಕ್ಕ. ತೆಳಗ ತೊಟತೊಟ ಬೀಳೂ ನೀರು ಬಾಗಿ ನೋಡತಿದ್ದ. ಹಸರು ತಿಳಿಯಾದಂಗ ನನಗೂ ಕಾಣತಿತ್ತು. ಖರೇನೋ, ನನ್ನ ಕಣ್ಣಿನ ಭ್ರಮೆನೋ...

ಆಮ್ಯಾಲೆ ಭಾಂಡಿ ಕೆಂಪಗ ಕಾಸಿ, ನವಸಾಗರದ ಪುಡಿ ಹಾಕಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿ ಅರಳಿಲೆ ಗರಕ್ಕನ ಒರಸಿದ ಅಂದ್ರ! ಬಿಳೀ ಹೊಗಿ ಮೂಗಿಗೆ ಬಡದು ಕಣ್ಣಾಗ ನೀರು. ಕಣ್ಣು ಒರಸಿಕೊಂಡು ನೋಡೂದರಾಗ ಭಾಂಡಿಯೊಳಗ ಚಂದ್ರಾಮ ಮೂಡಿರತಿದ್ದ. ನನ್ನ ಮಾರಿ ಅದರಾಗ ಕಾಣತಿತ್ತು. ಲಗ್ನದಾಗಿನಕಿಂತ ಚಂದ ಕಾಣತಿತ್ತು.

ಸಂಜಿಗೆ ಹೋಗೂವಾಗ ಡಬ್ಬಿಯೊಳಗಿನ ತೊಯ್ದ ಸಿಪ್ಪಿ ಎಲ್ಲಾ ಚೀಲಕ್ಕ ತುಂಬಿ, ಬಾಯಿ ಬಿಗಿದು, ಸೈಕಲ್ಲಿಗೆ ಕಟ್ಟಿಕೊಂಡು ಒಯ್ಯತಿದ್ದ.

ಆ ಚೀಲನ ಅವನ ಕುತ್ತಿಗಿಗೆ ಬಂತು.

ಮ್ಯಾಲಿನ ಓಣಿಯೊಳಗ ಒಬ್ಬ ದೊಡ್ಡವ್ವ ಇದ್ದಳು. ಆಕಿ ತವರಮನಿಯಿಂದ ತಂದ ಹಿತ್ತಾಳಿ ಕೊಡ ವರ್ಷಾ ವರ್ಷಾ ತೆಳ್ಳಗಾಗಾಕ ಹತ್ತಿತ್ತು. ಮರಳು ಹಾಕಿ ತಿಕ್ಕಿದ್ರ ತೆಳ್ಳಗಾಗದ ದಪ್ಪ ಆಗತೈತೇನು? ಆದ್ರ ಆಕಿ ತಲ್ಯಾಗ ಬ್ಯಾರೇನ ಹೊಕ್ಕಿತು. "ಹಿತ್ತಾಳಿಯೊಳಗ ಬೆಳ್ಳಿ ಇರತೈತಿ. ಈ ಕಾಕಾ ಅದನ್ನ ಹುಳಿಯಿಂದ ಬಿಡಿಸಿ, ಸಿಪ್ಪಿಯೊಳಗ ಇಳಿಸಿ, ಚೀಲಾ ತುಂಬಿ ಒಯ್ಯತಾನ. ಇಲ್ಲಾಂದ್ರ ಒಲಿಗೆ ಹಾಕೂ ಸಿಪ್ಪಿ ಯಾವ ಮಾರಾಯ ಊರಿಂದ ಊರಿಗೆ ಹೊರತಾನ?" ಅಂದಳು. ಮಾತು ಬಾವಿಕಟ್ಟಿಗೆ ಬಂತು, ಬಾವಿಕಟ್ಟಿಯಿಂದ ಮನಿಮನಿಗೆ ಹೋತು. ಎಲ್ಲಾರೂ ತಮ್ಮ ತಮ್ಮ ಕೊಡ ಎತ್ತಿ ನೋಡಾಕ ಹತ್ತಿದರು. ಎತ್ತಿದವರಿಗೆಲ್ಲ ಹಗುರ ಅನಸ್ತು.

ಮುಂದಿನ ಸಲ ಅವ ಬಂದಾಗ ಕೆಲಸ ಕಮ್ಮಿ ಇತ್ತು, ಮಧ್ಯಾಹ್ನಕ್ಕನ ಮುಗೀತು, ಅಲ್ಲೀಮಟಾ ಯಾರೂ ಏನೂ ಅನ್ನಲಿಲ್ಲ. ಚೀಲ ಸೈಕಲ್ಲಿಗೆ ಕಟ್ಟಿದ ಮ್ಯಾಲೆ ನಾಕ ಮಂದಿ ಬಂದು ಹ್ಯಾಂಡಲ್ ಹಿಡದರು. "ಕಾಕಾ, ಚೀಲಾ ಬಿಚ್ಚು."

ಅವ ಬಿಚ್ಚಿದ. "ಸಿಪ್ಪಿ ಐತ್ರಿ."

"ಸಿಪ್ಪಿಯೊಳಗ ಏನೈತಿ?" ಅಂದಳು ದೊಡ್ಡವ್ವ.

ಕಾಕಾ ಆಕಿ ಮಾರಿ ನೋಡಿದ. ಹೆದರಲಿಲ್ಲ, ಸಿಟ್ಟಿಗೇಳಲಿಲ್ಲ. "ಅದನ್ನ ನಾನೂ ಭಾಳ ದಿನದಿಂದ ಕೇಳಾಕ ಹತ್ತೇನಿ ದೊಡ್ಡವ್ವಾರ" ಅಂದ. ಮಂದಿ ಇವ ಚಾಷ್ಟಿ ಮಾಡತಾನಂತ ಇನ್ನಷ್ಟು ಕೆರಳಿದರು.

ಹನುಮಪ್ಪನ ಗುಡಿ ಮುಂದಿನ ಬಯಲಾಗ ಚೀಲಾ ಸುರವಿ, ಬಿಸಲಿಗೆ ಹರವಿ, ಒಣ ಕಟಗಿ ಒಟ್ಟಿ ಉರಿ ಹಚ್ಚಿದರು. ಬೆಳ್ಳಿ ಇದ್ರ ಕರಗಿ ತೆಳಗ ಇಳೀತೈತಿ, ಸಿಪ್ಪಿ ಬೂದಿ ಆಗತೈತಿ ಅಂತ ಲೆಕ್ಕ. ಬಂಗಾರ ಬೆಳ್ಳಿ ಕೆಲಸದ ಪತ್ತಾರನ್ನ ಕರಿಸಿದರು. ಅವ ಬೆಳ್ಳಿ ಕರಗಿಸೂ ತನ್ನ ಮೂಸಿ, ಊದೂ ಕೊಳವಿ ಎಲ್ಲಾ ತಂದು ಜಗಲಿ ಮ್ಯಾಲೆ ಕುಂತ. ಹೆಣ್ಣಮಕ್ಕಳು ನಾವು ಗುಡಿ ಗೋಡಿಗೆ ಆತು ನಿಂತಿದ್ವಿ. ಉರಿಯೊಳಗ ಒಮ್ಮೊಮ್ಮೆ ಹಸರು ನಾಲಿಗಿ ಎದ್ದು ಹೋಗತಿತ್ತು. ನಾ ಅದನ್ನ ನೋಡಿದೆ. ಕಾಕಾನೂ ನೋಡಿದ. ಅವ ಬೆಂಕಿಗೆ ಒಂದು ಹೆಜ್ಜಿ ಹತ್ತಿರ ಬಂದ. ಕಳ್ಳನಂಗ ಹಿಂದ ಸರೀಬೇಕಾದವ ಮುಂದ ಬಂದನಲ್ಲಾ ಅಂತ ನನಗ ಆಶ್ಚರ್ಯ ಆತು.

ಬೂದಿ ಆರಿತು. ಪತ್ತಾರ ಜರಡಿ ಹಿಡದ, ಮೂಸಿಯೊಳಗ ಹಾಕಿ ಊದಿದ, ಬಗ್ಗಿ ನೋಡಿದ, ಬೆರಳಿಲೆ ತಿಕ್ಕಿ ನೋಡಿದ. ಕಡೀಕ ಕೈ ಝಾಡಿಸಿ ಎದ್ದ. "ಬೆಳ್ಳಿ ಇಲ್ಲ, ಏನೂ ಇಲ್ಲ. ಬರೇ ಬೂದಿ."

ಮಂದಿಗೆ ಹಗುರಾತು. ದೊಡ್ಡವ್ವ ಕೆಮ್ಮಿ, ಸೆರಗು ಸರಿ ಮಾಡಿಕೊಂಡು, "ಒಂದ್ಕಪ್ ಚಾ ಕುಡದ ಹೋಗಪಾ ಕಾಕಾ" ಅಂದಳು. ಅವನ ಹ್ಯಾಂಡಲ್ ಬಿಟ್ಟರು. ಆದ್ರ ಅವ ಹೋಗಲಿಲ್ಲರಿ. ಅವ ಬೂದಿ ಮುಂದ ಕುಕ್ಕರಗಾಲಿಲೆ ಕುಂತ. ಒಂದು ಚಿಟಿಕಿ ತಗೊಂಡು ಬಿಸಲಿಗೆ ಹಿಡದ.

"ಪತ್ತಾರ್ರ, ಇನ್ನೊಮ್ಮೆ ನೋಡ್ರಿ. ಏನರ ಇರಬೇಕ್ರಿ."

"ಇಲ್ಲೋ ಕಾಕಾ, ಹೇಳಿದ್ನಲ್ಲ."

"ತಾಮ್ರ? ಸೀಸ? ಏನರ... ಒಂದು ಕಾಳಿನಷ್ಟು?"

"ಏನೂ ಇಲ್ಲಂದ್ರ ಇಲ್ಲ."

ಮಂದಿ ಹೋ ಅಂತ ನಕ್ಕಿತು. "ಕಳವು ಮಾಡಿಲ್ಲಂತ ನಾವು ಬಿಟ್ಟು ಕೊಟ್ರ, ತಾನ ಕಳವು ಹುಡುಕಾಕ ಹತ್ಯಾನಲ್ಲೋ!" ನಾನೂ ನಕ್ಕಿರಬೇಕು. ಸಣ್ಣ ಹುಡುಗಿ, ಎಲ್ಲಾರೂ ನಕ್ಕರ ನಗೂದು. ಆದ್ರ ಅವನ ಮಾರಿ ನೋಡಿದ ಮ್ಯಾಲೆ ನಗು ಅರ್ಧಕ್ಕ ನಿಂತಿತು. ಆರೋಪದಿಂದ ಪಾರಾದವನ ಮಾರಿ ಅಲ್ಲ ಅದು... ಏನೋ ಇಟ್ಟಿದ್ದು ಕಳಕೊಂಡವನ ಮಾರಿ.

ತಿದಿ ತಗೊಂಡು ಹೋಗಾಕ ಅವ ನಮ್ಮ ಬೇವಿನ ಗಿಡಕ್ಕ ತಿರುಗಿ ಬಂದ. ಅತ್ತಿ ಒಂದು ತಂಬಗಿ ನೀರು, ಬೆಲ್ಲದ ಚೂರು ಕೊಟ್ಟು ಕಳಿಸಿದರು. ನಾ ಇಟ್ಟು ಬರೂದು ಬಿಟ್ಟು ಕೇಳೇಬಿಟ್ಟೆ. "ಕಾಕಾ, ಏನೂ ಸಿಗಲಿಲ್ಲಂದ್ರ ಚಲೋ ಆತಲ್ಲ. ಯಾಕ ಹಿಂಗ ಸಪ್ಪಗಾದಿ?"

ಅವ ಬೆಲ್ಲಾ ಬಾಯಿಗೆ ಹಾಕಿಕೊಂಡ.

"ಬೇಟಿ, ನಾ ಹೊಸದಾಗಿ ಈ ಕಸಬು ಹಿಡದಾಗ ಸವದತ್ತಿ ಕಡೆ ಒಂದು ಊರಾಗ ಭಾಂಡಿ ತೊಳದ ನೀರು ಅಲ್ಲೇ ಚೆಲ್ಲಿದ್ದೆ. ತಗ್ಗಿನ್ಯಾಗ ನಿಂತಿತ್ತು. ಒಬ್ಬಾಕಿ ಮುದಿಕೀದು ಕುರಿ ಬಂದು ಕುಡೀತು. ಉಪ್ಪು ಹುಳಿ ರುಚಿ ಹತ್ತಿರಬೇಕು ಅದಕ್ಕ, ಭಾಳ ಕುಡೀತು. ಮರುದಿನಾ ಕೆಡದು ಬಿತ್ತು. ಹಾಲು ಕುಡಿಯೂ ಮರಿ ಇತ್ತು ಅದಕ್ಕ. ಮುದಿಕಿ ನನಗೇನೂ ಅನ್ನಲಿಲ್ಲ, ಆ ಮರೀನ ಉಡಿಯೊಳಗ ಹಾಕಿಕೊಂಡು ಕುಂತಿದ್ಲು. ನನ್ನ ನೀರಿನಿಂದ ಸತ್ತಿತೋ, ಬ್ಯಾರೆ ಬ್ಯಾನಿಯಿಂದ ಸತ್ತಿತೋ, ಆ ಅಲ್ಲಾನ ಬಲ್ಲ."

ಅವ ಎಣ್ಣಿ ಡಬ್ಬಿ ಎತ್ತಿ ತಳದ ತೂತು ಆಕಾಶಕ್ಕ ಹಿಡದು ನೋಡಿದ.

"ಅವತ್ತಿಂದ ಈ ಸಿಪ್ಪಿ. ಯಾರೂ ಹೇಳಿಕೊಟ್ಟಿಲ್ಲ. ನೀರಿನ ಹಸರು ಕಮ್ಮಿ ಆದಂಗ ಕಾಣತೈತಿ, ಅದಕ್ಕ ಹೀರಿಕೋತೈತಿ ಅಂದಕೊಂಡೆ. ಒಯ್ದು ನಮ್ಮ ಮನಿ ಹಿಂದ ನೆಲದೊಳಗ ಜ್ವಾಳ ಇಡೂ ಹಳೇ ಹಗೇವಿಗೆ ಸುರೀತೇನಿ, ಯಾರ ದನಾ ಕುರಿ ಬಾಯಿ ಹಾಕಬಾರದಂತ. ಇವತ್ತು ಪತ್ತಾರ ಊದೂವಾಗ ನನ್ನ ಜೀವಾ ಬಾಯಿಗೆ ಬಂದಿತ್ತು ಬೇಟಿ. ಏನರ ಸಿಗಲಿ, ಕಳ್ಳ ಅಂದ್ರೂ ಅನ್ಲಿ. ಸಿಪ್ಪಿ ವಿಷ ಹಿಡಕೊಂಡಿತ್ತು ಅಂತನರ ಗೊತ್ತಾಗತಿತ್ತು. ಏನೂ ಇಲ್ಲಂದ... ಅಂದ್ರ ಆ ವಿಷ ಎಲ್ಲಾ ಊರೂರಾಗ ನೆಲಕ್ಕ ಇಳದೈತಿ. ನಾ ಬರೇ ಹುಚ್ಚನಂಗ ಸಿಪ್ಪಿ ಹೊತ್ತೇನಿ."

ನಾ ತಂಬಗಿ ತಗೊಂಡೆ. ಅವ ಹೋದ. ಸೈಕಲ್ಲಿನ ಹಿಂದ ಅವತ್ತು ಚೀಲ ಇರಲಿಲ್ಲ. ಖಾಲಿ ಸೈಕಲ್ ಹಗುರ ಹೋಗಬೇಕು. ಅವ ಅದನ್ನ ತಳ್ಳಿಕೊಂಡು ಹೋಗತಿದ್ದ...

ಮುಂದಿನ ಸುಗ್ಗಿಗೆ ಬಂದ. ಬೇವಿನ ತೆಳಗ ಒಂದ ಕುಣಿ ತಗದ, ಬೆಂಕೀದು. ಎಣ್ಣಿ ಡಬ್ಬಿ ತಂದಿರಲಿಲ್ಲ. ಸಿಪ್ಪಿ ಕೇಳಲಿಲ್ಲ. ಅತ್ತಿ ಒಳಗಿಂದ ಇಣಿಕಿ ನೋಡಿದರು, ಬಾಯಿ ತುಂಬ ಬೈಯಾಕ ತಯಾರಾಗಿ ಬಂದವರಿಗೆ ಬೈಯಾಕ ಏನೂ ಸಿಗಲಿಲ್ಲ. ನನಗ ಅದ್ಯಾಕೋ ತಡೀಲಿಲ್ಲ. ಹಿತ್ತಲಿಗೆ ಹೋಗಿ ಬುಟ್ಟಿ ತುಂಬ ಸಿಪ್ಪಿ ತುಂಬಿ, ನಮ್ಮ ಮನೀದ ಒಂದು ತೂತಾದ ಡಬ್ಬಿ ಅದರ ಮ್ಯಾಲೆ ಇಟ್ಟು, ಅವನ ಮುಂದ ಒಯ್ದು ಕುಕ್ಕಿದೆ.

"ಇರಲಿ ಬಿಡ ಬೇಟಿ" ಅಂದ. "ಅದರಿಂದೇನೂ ಆಗೂದಿಲ್ಲಂತ ಪತ್ತಾರನ ಹೇಳ್ಯಾನ."

"ಪತ್ತಾರ ಬೆಳ್ಳಿ ನೋಡಾವ. ಅವಗೇನ ಗೊತ್ತು ಕಿಲುಬು?" ಅಂದೆ. ಯಾವ ಬಾಯಿಲೆ ಅಂದೆನೋ. ಹಸರು ನಾಲಿಗಿ ನೋಡಿದ ನೆನಪಿತ್ತಲ್ಲ, ಅದ ಅನಿಸಿರಬೇಕು.

ಅವ ನನ್ನ ನೋಡಿ ನಕ್ಕ. ಬಾಯಾಗ ಹಲ್ಲು ಅಷ್ಟಕ್ಕಷ್ಟ ಇದ್ವು. ಎದ್ದು ಎರಡನೇ ಕುಣಿ ತಗದ.

ಆಮ್ಯಾಲೆ ಅವ ಕೆಲವು ಸಲ ಬಂದ. ಆದ್ರ ಊರಾಗ ಸ್ಟೀಲ್ ಭಾಂಡಿ ಬಂದ್ವು. ಹಳೇ ಬಟ್ಟಿಗೆ, ಹಳೇ ಹಿತ್ತಾಳಿಗೆ ಸ್ಟೀಲ್ ಕೊಡಾವರು ಬಂದರು. ಮ್ಯಾಲಿನ ಓಣಿ ದೊಡ್ಡವ್ವನ ಕೊಡನೂ ಹಂಗ ಹೋತು. ಕಲಾಯಿ ಯಾರಿಗೆ ಬೇಕು? ಒಂದು ವರ್ಷ ಶೇಂಗಾ ಬಡದು ಸಿಪ್ಪಿ ಗುಡ್ಡಿ ಬಿತ್ತು, ದನಿ ಬರಲಿಲ್ಲ. ಬಂದೀತು ಬಂದೀತು ಅಂತ ನಾ ಒಂದು ಬುಟ್ಟಿ ತಗದಿಟ್ಟಿದ್ದೆ. ಕಡೀಕ ಅತ್ತಿ ಅದನ್ನೂ ಒಲಿಗೆ ಹಾಕಿದರು, ಬೈಯದನ ಹಾಕಿದರು. ಅವ ರಾಮದುರ್ಗದಾವ ಅಂತ ಒಬ್ಬರು, ಕಿತ್ತೂರ ಕಡೆಯವ ಅಂತ ಇನ್ನೊಬ್ಬರು. ಚಚಡಿಯೊಳಗ ಮಗಳ ಮನ್ಯಾಗ ಇದ್ದ ಅಂತ ಯಾರೋ ಹೇಳಿದರು. ಹಗೇವು ಇರೂ ಆ ಮನಿ ಯಾವ ಊರಾಗ ಐತೋ...

"ಆಯೀ! ಆಯೀ, ಏನಾತು? ಕಣ್ಣಾಗ ನೀರ್ಯಾಕ?"

ಶೈಲಾ ನನ್ನ ಭುಜಾ ಅಲುಗಿಸಾಕ ಹತ್ತಿದ್ದಳು. ಅಂಗಳ ತಿರುಗಿ ಬಂತು. ನಾ ಆಕಿಗೆ ಎಲ್ಲಾ ಹೇಳಿದೆ. ಕಾಕಾ, ಡಬ್ಬಿ, ದೊಡ್ಡವ್ವ, ಉರಿ, ಪತ್ತಾರ. ಹೇಳಿ ಮುಗಿಸಿ ಕೇಳಿದೆ, "ಅವ ಹೊತ್ತದ್ದು ಖಾಲಿ ಸಿಪ್ಪಿನ ಏನವಾ? ನೀ ಕಲತಾಕಿ, ಹೇಳು. ನನ್ನ ಖುಷಿ ಮಾಡಾಕ ಹೇಳಬ್ಯಾಡ."

ಆಕಿ ಚೀಲದೊಳಗಿನ ಸಿಪ್ಪಿ ಬಗ್ಗಿ ನೋಡಿದಳು.

"ಪೂರಾ ಹೀರಿರೂದಿಲ್ಲ ಆಯೀ. ಅವನ ಸಿಪ್ಪಿ ಕಚ್ಚಾ, ನೀರಿನ್ಯಾಗ ಹುಳಿ ಭಾಳ. ಸಿಪ್ಪಿಗೆ ಹುಳಿ ಹಿಡಿಸಿ ಒಣಗಿಸೂದು ಬ್ಯಾರೆ, ನೀರಿನ್ಯಾಗನ ಅಷ್ಟು ಹುಳಿ ಇದ್ರ ಲೋಹ ಹಿಡಿಯೂದು ಕಠಿಣ. ನನ್ನ ನೀರು ಮೊದಲ ಫೇಲಾಗಿದ್ದೂ ಕಚ್ಚಾ ಸಿಪ್ಪಿಲೇನ. ಹಳೇ ಹಗೇವಿಗೆ ಸುರದದ್ದೂ ಚಲೋ ಅಲ್ಲ, ಮಳಿ ಬಂದ್ರ ತಿರುಗಿ ನೆಲಕ್ಕ ಇಳೀತೈತಿ. ಆದ್ರ..." ನನ್ನ ಕೈ ಹಿಡಕೊಂಡಳು. "ಉರಿಯೊಳಗ ಹಸರು ನಾಲಿಗಿ ಎದ್ದಿತ್ತು ಅಂದಿಯಲ್ಲ, ಅದು ತಾಮ್ರ ಆಯೀ. ತಾಮ್ರ ಉರದ್ರ ಹಂಗ ಹಸರಾಗತೈತಿ. ಅದು ಆ ಸಿಪ್ಪಿಯೊಳಗ ಇತ್ತು. ಪತ್ತಾರ ಗಟ್ಟಿ ಹುಡುಕಿದ, ಅದು ಬೂದಿಯೊಳಗ ಬೂದಿಯಾಗಿ ಕುಂತಿತ್ತು. ಕಣ್ಣಿಗೆ ಹೆಂಗ ಕಾಣಬೇಕು?"

ಇತ್ತಂತ್ರಿ! ಆ ಬೂದಿಯೊಳಗ ಇತ್ತಂತ! ನಾ ಎದ್ದು ನಿಂತೆ, ಮತ್ತ ಕುಂತೆ. ನಗಬೇಕೋ ಅಳಬೇಕೋ ತಿಳೀಲಿಲ್ಲ, ಎರಡೂ ಮಾಡಿದೆ. ಇಡೀ ಜೀವಮಾನ ಒಂದು ಮಾತಿಗೆ ಕಾದವ, ಆ ಮಾತು ಇವತ್ತು ನನ್ನ ಅಂಗಳಕ್ಕ ಬಂದೈತಿ. ಕೇಳಾಕ ಅವ ಇಲ್ಲ. ಹೋಗಿ ಹೇಳೂಣಂದ್ರ ಅವನ ಹೆಸರೂ ಗೊತ್ತಿಲ್ಲ, ಮನಿಯೂ ಗೊತ್ತಿಲ್ಲ. ಭಾಂಡಿಯೊಳಗ ನಮ್ಮ ಮಾರಿ ನೋಡಿಕೊಂಡ್ವಿ, ಭಾಂಡಿ ಬೆಳಗಿದವನ ಮಾರಿ ಯಾರು ಸರಿಯಾಗಿ ನೋಡಿದ್ರು?

ಅಷ್ಟರಾಗ ಸೊಸಿ ಬಚ್ಚಲ ಒಲಿ ಹೊತ್ತಿಸಾಕ ಬಂದವಳ ಶೈಲಾನ ಚೀಲಕ್ಕ ಕೈ ಹಾಕಿದಳು. "ಏ ಏ ಏ! ಒಲಿಗೆ ಹಾಕಬ್ಯಾಡ!" ಅಂತ ನಾನೂ ಮೊಮ್ಮಗಳೂ ಒಮ್ಮೆಲೇ ಚೀರಿದ್ವಿ. ಸೊಸಿ ಬೆಚ್ಚಿ ಚೀಲಾ ಬಿಟ್ಟು, "ಏನ್ರಿ ಅತ್ತಿ, ಬೆಳ್ಳಿ ಐತೇನ ಅದರಾಗ?" ಅಂದಳು. ನಾ ನಕ್ಕದ್ದು ಆಕಿಗೆ ಯಾಕಂತ ತಿಳೀಲಿಲ್ಲ. ಈ ಸಿಪ್ಪಿಯನ್ನ ಶೈಲಾ ಬೆಳಗಾವಿಗೆ ಒಯ್ತಾಳಂತ. ಅಲ್ಲಿ ಅದರಿಂದ ತಾಮ್ರ ತಿರುಗಿ ಬಿಡಿಸಿ ತಗೀತಾರಂತ. ದೊಡ್ಡವ್ವ ಇದ್ದಿದ್ರ ಕೇಳಬೇಕಿತ್ತು, "ನಾ ಅವತ್ತ ಹೇಳಿರಲಿಲ್ಲೇನು!" ಅಂತಿದ್ದಳು.

ಸಂಜಿಗೆ ಶೇಂಗಾ ಹೋಳಿಗಿ ಮಾಡೂಣಂತ ನಾನ ಹಟ ಹಿಡದೆ. ಎಲ್ಲಾರೂ ಕೂಡಿ ಶೇಂಗಾ ಸುಲದ್ವಿ. ಸಿಪ್ಪಿ ಒಂದೂ ಆಚೀಚೆ ಬೀಳದಂಗ ನಾ ಬುಟ್ಟಿಗೆ ತುಂಬಿದೆ. ಮಗ ಹೊಲದಿಂದ ಬಂದು ಕೈಕಾಲು ತೊಳಕೊಂಡು, "ಇವತ್ತ ಹೋಳಿಗಿ ತಿಂದವರೆಲ್ಲ ಸಿಪ್ಪಿ ವಾಪಸ್ ಕೊಡಬೇಕಂತ, ನೀರಿನ ಸಾಹೇಬ್ರ ಆರ್ಡರ್" ಅಂತ ಮಗಳ ಜಡಿ ಎಳದ. ಆಕಿ, "ಅಪ್ಪಾ!" ಅಂತ ಗುದ್ದಿದಳು.

ಪಡಸಾಲ್ಯಾಗ ಎಲ್ಲಾರೂ ಒಟ್ಟಿಗೆ ಕುಂತ್ವಿ. ರೊಟ್ಟಿ, ಎಣಗಾಯಿ, ಹಿಂಡಿ, ಮ್ಯಾಲೆ ಹೋಳಿಗಿ. ದೇವರ ಜಗಲಿ ಮ್ಯಾಲೆ ಪಾಸಾದ ನೀರಿನ ಬಾಟ್ಲಿ, ದೀಪದ ಬೆಳಕಿಗೆ ಅದರೊಳಗ ಒಂದು ಸಣ್ಣ ಚಂದ್ರಾಮ ತೂಗಾಡತಿದ್ದ. ಬಾಗಲದಾಚೆ, ಹಳೇ ಬೇವಿನ ಬುಡಕ್ಕ, ನಾ ಇಟ್ಟು ಬಂದ ಸಿಪ್ಪಿ ಬುಟ್ಟಿ.

"ಆಯೀ, ಬ್ಯಾರೆ ಯಾರರ ಒಯ್ದಾರು, ಬುಟ್ಟಿ ಒಳಗ ತರಲೇನು?" ಅಂತ ಶೈಲಾ ಎದ್ದಳು.

"ಉಣ್ಣೂಮಟಾ ಅಲ್ಲೇ ಇರಲಿ" ಅಂದೆ. ಆಕಿಗೆ ತಿಳೀತು. ಕುಂತಳು.

ನಾ ಮೊದಲ ತುತ್ತು ಮುರದು ಬಾಗಲ ಕಡೆ ತಿರುಗಿದೆ. ಮಗ, ಸೊಸಿ ಇದ್ದಾರ, ನಕ್ಕಾರು ಅಂತ ಸೈತ ಅನಸಲಿಲ್ಲ. ಗಟ್ಟಿಯಾಗೇ ಹೇಳಿದೆ.

"ಕಾಕಾ, ಇತ್ತಂತಪಾ. ಅದರಾಗ ಇತ್ತು."

ಯಾರೂ ನಗಲಿಲ್ಲ. ಬೇವಿನ ಎಲಿ ಒಂದಿಷ್ಟು ಅಲುಗಿದ್ವು, ಗಾಳಿ ಇರಬೇಕು. ಮಗ ತುಪ್ಪದ ಗಿಂಡಿ ಹಿಡಕೊಂಡು ಬಗ್ಗಿ, ಸಣ್ಣಗ ಕೇಳಿದ.

"ಅವ್ವಾ, ಹೋಳಿಗಿ ಮ್ಯಾಲೆ ತುಪ್ಪಾ ಹಾಕ್ಲಿ?"

"ಹಾಕಪಾ" ಅಂದೆ. "ಇವತ್ತ ಕೈ ಹಿಡೀಬ್ಯಾಡ."